ಶಾಂತವ್ವನ ಒಳ್ಳು

ನನ್ನ ಸೊಸಿ ಸಾವಿತ್ರೆವ್ವನ ಸುದ್ದಿ ಹೇಳತೀನಿ, ಕೇಳ್ರಿ. ಆಗ ರಬಕವಿಯೊಳಗ ಇನ್ನೂ ರಾಜರ ಆಳಿಕಿ ಇತ್ತು. ಅಕಿ ನಮ್ಮ ನೇಕಾರರ ಮನಿಗೆ ಬಂದ ಮೂರನೇ ದಿನ, ಉಣ್ಣಾಕ ಕುಂತಾಗ, "ಅತ್ತಿ, ನನಗ ಶೇಂಗಾ ಆಗಿ ಬರಂಗಿಲ್ರಿ" ಅಂದ್ಲು. ನನಗ ಸಿಟ್ಟು ನೆತ್ತಿಗೇರಿತು. "ಯಾಕವ್ವಾ, ತವರಾಗ ದಿನಾ ತುಪ್ಪ ಹೋಳಿಗಿ ಉಣ್ಣತಿದ್ದೇನು?" ಅಂದೆ. ಪಾಪ, ರೊಟ್ಟಿಗೆ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ಹಚ್ಚಿಕೊಂಡು ಒಂದು ತುತ್ತು ತಿಂದ್ಲು. ನೋಡನೋಡತ ತುಟಿ ಊದಿ, ಮೈತುಂಬ ದದ್ದು ಎದ್ದು, ಉಸಿರು ಸಿಗದ ಒದ್ದಾಡಿದ್ಲು. ಅವತ್ತ ಹ್ಯಾಂಗೋ ಉಳದ್ಲು.

ಅವತ್ತಿನಿಂದ ನಮ್ಮನ್ಯಾಗ ಶೇಂಗಾ ಬಂದ್! ಗಾಣದಿಂದ ಕುಸುಬಿ ಎಣ್ಣಿ ತರಸಿದೆ. ಪಂಚಮಿ ಉಂಡಿ ಎಳ್ಳಿಂದು, ಹಿಂಡಿ ಗುರೆಳ್ಳಿಂದು. ಮಗ ಗಿರಿಮಲ್ಲಪ್ಪ ಸಂತ್ಯಾಗ ಶೇಂಗಾ ತಿಂದು ಬಂದ್ರ ಬಾಯಿ ಮುಕ್ಕಳಿಸಿ, ಕೈ ತೊಳಕೊಂಡ ಒಳಗ ಬರಬೇಕು. "ಭಾಗವ್ವ ಸೊಸಿ ಸಲುವಾಗಿ ಮಡಿ ಮಾಡಾಕತ್ತಾಳ" ಅಂತ ಓಣ್ಯಾಗ ನಕ್ಕರು. ನಗವಲ್ರ್ಯಾಕ! ಹೆಣ್ಣುಮಕ್ಕಳಿಲ್ಲದ ಹೊಟ್ಟಿ ನಂದು. ಅಕಿ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿಕೋತ ಏನರ ಹಾಡಿಕೊಂಡ್ರ ನನಗ ಅಷ್ಟ ಸಾಕಾಗಿತ್ತು.

ಮಂದಿ ಮನ್ಯಾಗ ಏನ ಕೊಟ್ರೂ ಅಕಿ ಮದಲ ತುಟಿಗೆ ಹಚ್ಚಿ, ಸ್ವಲ್ಪ ಹೊತ್ತು ತಡದು, ಚುರುಚುರು ಅನ್ನಲಿಲ್ಲಂದ್ರ ಅಷ್ಟ ತಿಂತಿದ್ಲು.

ಆರು ವರ್ಷ ಛಲೋ ನಡೀತು. ಆ ಶ್ರಾವಣದಾಗ ನಮ್ಮ ಹಿಂಡಿ ಕುಟ್ಟೋ ಕಲ್ಲಿನ ಒಳ್ಳು ಸೀಳಿತು. ಗುರೆಳ್ಳು ಹುರದಿಟ್ಟಿದ್ದೆ, ಎದುರುಮನಿ ಶಾಂತವ್ವನ ಒಳ್ಳಾಗ ಕುಟ್ಟಿಕೊಂಡು ಬಂದೆ. ಹಿಂಡಿ ಒಳ್ಳು ನಾವು ತೊಳಿಯಂಗಿಲ್ರಿ, ನೀರು ತಾಕಿದ್ರ ಹಿಂಡಿ ಮುಗ್ಗಲ ಹಿಡೀತೈತಿ. ರೊಟ್ಟಿ ಚೂರಿಲೆ ವರಸತೀವಿ. ನಾನೂ ವರಸಿದೆ. ಮದಲ ಅದರಾಗ ಏನ ಕುಟ್ಟಿದ್ಲು ಅಂತ ಕೇಳೂದು ಈ ಹಾಳ ತಲಿಗೆ ಹೊಳೀಲಿಲ್ಲ.

ಬಿಸಿ ರೊಟ್ಟಿ, ಹಿಂಡಿ, ಮ್ಯಾಲೆ ಕೆನಿಮೊಸರು ಹಾಕಿದೆ. "ಹಸದೀ, ಉಣ್ಣ ಬೇ" ಅಂದೆ. ಮೂರು ತುತ್ತು ಉಂಡ್ಲು. ಕುತ್ತಿಗಿ ಹಿಡಕೊಂಡು ನನ್ನ ಮಾರಿ ನೋಡಿದ್ಲು. ಜಮಖಂಡಿ ಡಾಕ್ಟರ ಕಡೆ ಒಯ್ಯಾಕ ಗಿರಿಮಲ್ಲಪ್ಪ ಗಾಡಿ ಹೂಡೂದರೊಳಗ ನನ್ನ ತೊಡಿಮ್ಯಾಲೆ ಅಕಿ ಉಸಿರು ನಿಂತಿತು.

ಶಾಂತವ್ವ ಎದಿ ಬಡಕೋತ ಬಂದು, "ಮುಂಜಾನೆ ಶೇಂಗಾ ಕುಟ್ಟಿದ್ದೆನಲ್ಲಬೇ ಯಕ್ಕಾ, ಕೇಳಬಾರದೇನ" ಅಂತ ಅತ್ಲು. ಅಕಿದೇನು ತಪ್ಪು? ಕೇಳಬೇಕಾದಾಕಿ ನಾನು.

ಊರ ಮಂದಿ ಕೊಟ್ಟಿದ್ದೆಲ್ಲಾ ತುಟಿಗೆ ಹಚ್ಚಿ ನೋಡತಿದ್ದಾಕಿ, ಅವತ್ತ ನೋಡಲಿಲ್ಲರಿ. ನಾ ಕೊಟ್ಟಿದ್ದೆನಲ್ಲಾ.