ಟೊಪ್ಪಿಗೆಯ ಹತ್ತು ಸೆಕೆಂಡು

ಬೈಲಹೊಂಗಲದ ಹಿನಾಕೌಸರ ಹನ್ನೊಂದು ವರ್ಷದಿಂದ ಸ್ಪ್ಯಾನಿಷ್ ಅನುವಾದ ಮಾಡಿಯೇ ಮನೆ ನಡೆಸುತ್ತಿದ್ದಳು. ಅಂದಾಜಿನ ಶಬ್ದ ಅವಳಿಗೆ ಆಗದು. ಹಳ್ಳಿ ಮದುವೆಗಳ ಮೇಲೆ ಚಿತ್ರ ಮಾಡುತ್ತಿದ್ದ ಸ್ಪೇನಿನ ತಂಡವೊಂದಕ್ಕೆ, ತೀರಿಹೋದ ಅಪ್ಪ ಮಹಮ್ಮದಗೌಸರು ತೆಗೆದ ಮೂವತ್ತೆಂಟು ವಿಡಿಯೊ ಟೇಪುಗಳನ್ನು ಕೊಟ್ಟಾಗ, ಅವುಗಳ ಪಟ್ಟಿಯನ್ನೂ ತಾನೇ ಬರೆಯುತ್ತೇನೆಂದಳು.

ಬೂಷ್ಟು ಹಿಡಿದ ಟೇಪುಗಳು ಪ್ರತಿ ತೆಗೆಯುವಾಗ ಒಂದೇ ಸಲ ಓಡಿ ಹರಿದುಹೋದವು. ಉಳಿದದ್ದು ತಂಡದ ಕಂಪ್ಯೂಟರಿನಲ್ಲಿದ್ದ ಪ್ರತಿ ಮಾತ್ರ. ಕೆಲಸ ಮುಗಿದ ಮೇಲೆ ಅದನ್ನು ಅವಳಿಗೆ ಕಳಿಸುವ ಮಾತಾಗಿತ್ತು. ಅದರಲ್ಲಿ ಅಪ್ಪ ಉಳಿಯಬೇಕು, ಅವಳಿಗೆ ಬೇಕಾದದ್ದು ಇಷ್ಟೇ. ಗೌಸರು ತಾವು ಫೋಟೊಕ್ಕೆ ನಿಂತವರಲ್ಲ.

ತಂಡದವರು ಎಲ್ಲಕ್ಕೂ ‘ಮೆತ್ರಾಹೆ’, ಅಂದರೆ ಇಷ್ಟು ಉದ್ದದ ಚಿತ್ರೀಕರಣ, ಎಂದು ಬರೆದಿದ್ದರು. ಅದು ಫಿಲ್ಮ್ ರೀಲನ್ನು ಮೀಟರಿನಲ್ಲಿ ಅಳೆಯುತ್ತಿದ್ದ ಕಾಲದ ಮಾತು, ಟೇಪಿಗೆ ಒಪ್ಪದು ಎಂದು ಹಿನಾ ವಾದಿಸಿದಳು. ಒಬ್ಬ ಮನುಷ್ಯ ನಿಂತು ದಾಖಲಿಸಿದ್ದಕ್ಕೆ ‘ಗ್ರಬಾಸಿಯೋನ್’ ಎನ್ನಬೇಕು. ಬಳಕೆಗೆ ಬಾರದ ತುಣುಕಿಗೆ ‘ದೆಸ್ಕಾರ್ತೆ’. ಅವರು ಒಪ್ಪಿದರು. ಮೂರು ವಾರ ಕೂತು ಒಂದೊಂದು ತುಣುಕಿನ ಮುಂದೆಯೂ ಎರಡರಲ್ಲೊಂದನ್ನು ಬರೆದಳು.

ಪ್ರತಿ ಬಂದ ಸುದ್ದಿ ತಿಳಿದು ದೊಡವಾಡದಿಂದ ಬಸಯ್ಯ ಬಂದರು. ಗೌಸರ ಬೆನ್ನಹಿಂದೆ ಇಪ್ಪತ್ತು ವರ್ಷ ಲೈಟು ಹಿಡಿದವರು.

“ಮೊದಲ ಟೊಪ್ಪಗಿ ತೋರಸವಾ,” ಎಂದರು ಕೂಡುತ್ತಲೇ. “ಮದುಮಗಳು ತಯಾರಾಗಿ ಕುಂತಿದ್ರೂ ನಿಮ್ಮಪ್ಪ ಮೊದಲ ತನ್ನ ಟೊಪ್ಪಗಿ ಶೂಟಿಂಗ್ ಮಾಡಂವಾ. ‘ಗೌಸಣ್ಣ, ಲಗ್ನ ಅಕಿದೋ, ನಿನ್ನ ಟೊಪ್ಪಗೀದೋ?’ ಅಂತ ಹೆಣ್ಮಕ್ಕಳು ನಗತಿದ್ರು.”

ಬಿಳುಪು ಯಾವುದೆಂದು ಕ್ಯಾಮೆರಾಕ್ಕೆ ಮೊದಲು ತೋರಿಸಬೇಕು, ಆಗಲೇ ಉಳಿದ ಬಣ್ಣ ಸರಿಬರುತ್ತದೆ. ಬೇರೆಯವರು ಬಿಳಿ ಕಾಗದ ಹಿಡಿಯುತ್ತಿದ್ದರು, ಗೌಸರು ನಮಾಜಿನ ಟೊಪ್ಪಿಗೆ. ಪ್ರತಿ ಟೇಪಿನ ಮೊದಲಿಗೆ ಹತ್ತು ಸೆಕೆಂಡು ಟೊಪ್ಪಿಗೆ, ಅಂಚಿನಲ್ಲಿ ಅವರ ನಾಲ್ಕು ಬೆರಳು. ಮೂವತ್ತೆಂಟು ಟೇಪುಗಳಲ್ಲಿ ಅವರು ಕಂಡದ್ದು ಅಷ್ಟೇ.

“ಅದು ಇಲ್ರಿ ಕಾಕಾ.”

“ಇಲ್ಲಂದ್ರ?”

“ಟೊಪ್ಪಗಿ ಬಂದಲ್ಲೆಲ್ಲಾ ನಾನ ದೆಸ್ಕಾರ್ತೆ ಅಂತ ಬರದೆ. ಚಿತ್ರದಾಗ ಬಳಸಾಕ ಬರಂಗಿಲ್ಲ, ಬ್ಯಾಡಾದ್ದು ಅಂತ. ಹಂಗ ಬರದದ್ದನ್ನೆಲ್ಲಾ ಅವರು ಅಳಿಸ್ಯಾರ.”

“ಕೇಳಿ ತರಸವಾ ಮತ್ತ.”

“ಮುಂಜಾನೆನ ಕೇಳಿದೆ. ಇಟ್ಟಿಲ್ಲಂತ.”

“ಶಬ್ದ ತಪ್ಪು ಹಾಕಿದ್ಯೇನು?”

“ಇಲ್ರಿ. ಶಬ್ದ ಬರೋಬ್ಬರಿ ಇತ್ತು.”

ಅವಳು ಮುರಗೋಡದ ಒಂದು ಮದುವೆಯನ್ನು ಹಾಕಿದಳು. ನೇರ ಮದುಮಗಳೇ ಬಂದಳು. ಹಸಿರು ಸೀರೆ ಹಸಿರಾಗಿಯೇ ಇತ್ತು, ಹಿಂದಿನ ಸುಣ್ಣದ ಗೋಡೆ ಅಚ್ಚ ಬಿಳಿ.

“ಬಣ್ಣ ಒಂದೂ ಕೆಟ್ಟಿಲ್ಲ ನೋಡವಾ,” ಎಂದರು ಬಸಯ್ಯ.

ಹಿನಾ ಅದನ್ನು ಮತ್ತೆ ಮೊದಲಿನಿಂದ ಹಾಕಿದಳು. ಮದುಮಗಳೇ ಬಂದಳು.