ದೊಡ್ಡವ್ವನ ಬೆನ್ನಿನ ಫಿಲ್ಮು

ನಂಜನಗೂಡಿನ ಮನೆಯ ಅಟ್ಟ ಗುಡಿಸುವಾಗ ಹಳೆಯ ಸ್ಕ್ಯಾನ್ ಫಿಲ್ಮೊಂದು ಸಿಕ್ಕಿತು. ಕಿಟಕಿಗೆ ಹಿಡಿದೆ. ಟಿ. ನರಸೀಪುರದ ಕಡೆಯ ನಮ್ಮ ದೊಡ್ಡವ್ವನ ಬೆನ್ನುಮೂಳೆ. ನಿಮ್ಮ ಮನೆಗಳಲ್ಲಿ ಹಿರಿಯರ ಫೋಟೋ ಇರುತ್ತದೆ. ನನ್ನ ಬಳಿ ಇರುವುದು ಇಂಥದ್ದು.

ಎರಡು ಸಾವಿರನೇ ಇಸವಿಯ ನಂತರದ ಮಾತು. ಮೈಸೂರಿನ ಒಂದು ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುತ್ತಿದ್ದೆ. ಬೆಳಗಿನ ರೈಲಿಗೆ ಹೋಗಿ, ಸಂಜೆಯ ರೈಲಿಗೆ ಹಿಂಡಿದ ಬಟ್ಟೆಯಂತಾಗಿ ವಾಪಸು. ದೊಡ್ಡವ್ವನ ಎರಡೂ ಕಾಲು ಜೋಮು ಹಿಡಿದು ಸ್ವಾಧೀನ ತಪ್ಪುತ್ತಿದ್ದವು. ನರ ಎಲ್ಲಿ ಒತ್ತಿದೆಯೆಂದು ಕಂಡರೆ ಆಪರೇಷನ್, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು.

ಅವಳಿಗೆ ಯಂತ್ರದ ಭಯ. ನನಗೋ ಬಲ್ಲದ್ದನ್ನೆಲ್ಲ ಹೇಳುವ ಚಟ. ಕೊಟ್ಟಿಗೆಯಲ್ಲಿ ಸಾಲಾಗಿ ಕಟ್ಟಿದ ದನಗಳಲ್ಲಿ ಯಾವ ಗೂಟದ್ದು ಕೊರಳಾಡಿಸಿತೆಂದು ಅವಳು ಒಳಗೆ ಕೂತೇ ಗಂಟೆಯ ಸ್ವರದಿಂದ ಹೇಳುತ್ತಿದ್ದಳು. ಯಂತ್ರದ್ದೂ ಅದೇ ಕೆಲಸ ಎಂದೆ. ಮೈಯೊಳಗಿನ ನೀರು ಅಯಸ್ಕಾಂತದ ಬಲಕ್ಕೆ ತಕ್ಕ ಸ್ವರದಲ್ಲಿ ಓಗೊಡುತ್ತದೆ. ಬಲ ಎಲ್ಲೆಡೆ ಒಂದೇ ಆದರೆ ಸ್ವರವೂ ಒಂದೇ, ಯಾವುದು ಎಲ್ಲಿಯದೆಂದು ತಿಳಿಯದು. ಅದಕ್ಕೇ ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಡಿಮೆ ಮಾಡುತ್ತಾರೆ. ಆಮೇಲೆ ಸ್ವರ ಹಿಡಿದರೆ ಜಾಗ ಸಿಕ್ಕಿತು.

ಆ ಓಗೊಡುವಿಕೆ ನಮ್ಮ ಕಿವಿಗೆ ಕೇಳುವುದಿಲ್ಲ, ಕೇಳುವ ಬಡಿತ ಯಂತ್ರದ ಸುರುಳಿಗಳದ್ದು ಎಂಬುದನ್ನು ಮಾತ್ರ ಹೇಳಲಿಲ್ಲ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.

ಒಳಗೆ ಬಡಿತದ ಸ್ವರ ಬದಲಾದಾಗ ದೊಡ್ಡವ್ವ ಸೊಂಟ ಎತ್ತಿ ಕೈ ಅಡಿಗೆ ತೂರಿಸಿದಳು. ಈ ಚಿತ್ರ ಗೆರೆಗೆರೆಯಾಗಿ ಕೂಡಿ ಬರುವಂಥದ್ದು. ಒಂದು ಗಳಿಗೆ ಅಲುಗಿದರೆ ಇಡೀ ಚಿತ್ರಕ್ಕೆ ಮಸಿ ಬಳಿದಂತೆ. ರೇಗಿಹೋಯಿತು. ಓಡಿಹೋಗಿ ಅವಳು ಮಲಗಿದ್ದ ಮೇಜು ಹೊರಗೆಳೆದೆ.

"ನೋವು ಕೂಗ್ತು ಕಣ್ ಮಗ. ಜಾಗ ತೋರಿಸ್ದೆ," ಅಂದಳು.

"ಸತ್ತೋರಂಗೆ ಬಿದ್ಕೊ ದೊಡ್ಡವ್ವ," ಅಂದೆ.

ಎರಡನೆಯ ಸಲ ಅವಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಮುಗಿದ ಮೇಲೆ ನೋಡಿದರೆ, ಕಿವಿಗೆ ಇಟ್ಟಿದ್ದ ಹತ್ತಿ ಕಣ್ಣೀರಿನಲ್ಲಿ ನೆಂದುಹೋಗಿತ್ತು. ಒರೆಸಿಕೊಂಡರೆ ಅಲುಗಿದಂತಾಗುತ್ತದೆಂದು ಹಾಗೇ ಬಿಟ್ಟಿದ್ದಳು.

ಚಿತ್ರ ನಿಚ್ಚಳವಾಗಿ ಬಂತು. ಡಾಕ್ಟರು ನನ್ನ ಕೆಲಸ ಹೊಗಳಿದರು. ಆಪರೇಷನ್ ಆಗಿ ದೊಡ್ಡವ್ವ ಸಾಯುವ ತನಕ ನಡೆದಾಡಿದಳು. ನಾನು ರೇಗಿ ಆಡಿದ ಮಾತನ್ನು ಅವಳು ಎತ್ತಲಿಲ್ಲ. ಬಡಿತ ಯಂತ್ರದ್ದೆಂದು ಮೊದಲೇ ತಿಳಿಸದ ತಪ್ಪು ನನ್ನದೆಂದು ನಾನೂ ಹೇಳಲಿಲ್ಲ.

ಇವತ್ತು ಕಿಟಕಿಯ ಬಳಿ ನಿಂತು ಈ ಫಿಲ್ಮಿಗೇ ಅದನ್ನು ಹೇಳಿದೆ. ನಾಚಿಕೆಯಾಯಿತು, ಆದರೂ ಹೇಳಿದೆ. ಸೊಂಟದ ನೀರಿನ ಹನಿಹನಿಯನ್ನೂ ಜಾಗ ಕೇಳಿ ಬರೆದ ಚಿತ್ರ ಇದು. ಆ ಹತ್ತಿಯ ನೀರು ಇದರಲ್ಲಿಲ್ಲ. ಅದು ಎಲ್ಲಿತ್ತೆಂದು ಬಲ್ಲವನು ನಾನೊಬ್ಬನೇ.