ಮನೆಯಲ್ಲಿ ಸುಲಿದ ಗೇರುಬೀಜ

ದೆಹಲಿಯಿಂದ ರೈಲಿನಲ್ಲಿ ಮಂಗಳೂರು, ಅಲ್ಲಿಂದ ಬಸ್ಸಿನಲ್ಲಿ ಉಡುಪಿ. ಇಳಿದಾಗ ಬೆನ್ನು ಹಿಡಿದುಕೊಂಡಿತ್ತು. ವಾಣಿಜ್ಯ ಇಲಾಖೆಯಲ್ಲಿ ಆರು ವರ್ಷ ಆಮದು ನಿಯಮಗಳನ್ನು ಬರೆದು ದಣಿದಿದ್ದೆ. ಇಲ್ಲಿನ ಕಾನೂನು ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಕಲಿಸುವ ಹುದ್ದೆ ನನಗೆ ಬೇಕಿತ್ತು.

ಸಂದರ್ಶನ ಅರ್ಧ ಗಂಟೆಯಲ್ಲಿ ಮುಗಿಯಿತು. "ಕೆಲಸ ನಿಮ್ಮದೇ. ಜೂನ್ ಒಂದಕ್ಕೆ ಬನ್ನಿ. ನಾಡಿದ್ದರೊಳಗೆ ಒಪ್ಪಿಗೆ ತಿಳಿಸಿ" ಎಂದರು ಪ್ರಾಂಶುಪಾಲರು. ಮಣಿಪಾಲದಲ್ಲಿ ವೈದ್ಯೆಯಾಗಿದ್ದ ಗೆಳತಿಯ ಕೋಣೆಯಲ್ಲಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಊರು ನೋಡಲು ಒಬ್ಬಳೇ ಕಾರ್ಕಳಕ್ಕೆ ಹೋದೆ. ದಾರಿಯಲ್ಲಿ ಹಿರಿಯಡ್ಕದಲ್ಲಿ ಬಸ್ಸು ಕೆಟ್ಟು ಒಂದು ಗಂಟೆ ಬಿಸಿಲಲ್ಲಿ ಕಾದದ್ದಾಯಿತು. ಕಾರ್ಕಳದ ಬೆಟ್ಟ ಹತ್ತಿ ಇಳಿದ ಮೇಲೆ ನೀರು ಕೇಳಲು ಒಂದು ಮನೆಗೆ ಹೋದೆ. ಜಗಲಿಯಲ್ಲಿ ಸಿಸಿಲಿಯಾ ಎಂಬ ನಡುವಯಸ್ಸಿನ ಹೆಂಗಸು ಪಕ್ಕದ ಮನೆಯ ಗಿರಿಜಕ್ಕನ ಜೊತೆ ಕುಳಿತು, ಒಣಗಿದ ಗೇರುಬೀಜದ ಕೆಂಪು ಸಿಪ್ಪೆ ಸುಲಿಯುತ್ತಿದ್ದಳು.

"ಕಾರ್ಖಾನೆಯವರು ಮನೆಗೇ ಕೊಡ್ತಾರಾ?" ಎಂದೆ.

"ಹೌದಮ್ಮ. ಮಕ್ಕಳನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಆದರೆ ಬರುವ ತಿಂಗಳು ಬೀಜ ಇಲ್ಲ" ಎಂದಳು ಸಿಸಿಲಿಯಾ.

"ದೆಹಲಿಯಲ್ಲಿ ಕಾನೂನು ಉಂಟಂತೆ" ಎಂದು ಗಿರಿಜಕ್ಕ ನಕ್ಕಳು. "ಕಾರ್ಖಾನೆ ಒಳಗೆ ಕೂತವರನ್ನು ಮಾತ್ರ ಎಣಿಸೋದಂತೆ. ನಾವು ಇಲ್ಲಿ ಕೂತು ಎಂತ, ನೊಣ ಹೊಡೆಯುವುದಾ ಮಾರಾಯ್ತಿ?"

ಆಫ್ರಿಕದಿಂದ ಆಮದಾಗುವ ಹಸಿಬೀಜವನ್ನು ಕೆಲಸಗಾರರ ಸಂಖ್ಯೆಗೆ ತಕ್ಕಂತೆ ಕಾರ್ಖಾನೆಗಳಿಗೆ ಹಂಚಬೇಕು. ಸುಳ್ಳು ಹೆಸರು ತಡೆಯಲು ಹಾಜರಿ ಪುಸ್ತಕದಲ್ಲಿರುವವರನ್ನಷ್ಟೇ ಎಣಿಸಬೇಕು. ಆ ನಿಯಮ ಬರೆದವಳು ನಾನು. ಮನೆಯಲ್ಲಿ ಸುಲಿಯುವ ಪದ್ಧತಿಯೊಂದಿದೆ ಎಂದೇ ನನಗೆ ತಿಳಿದಿರಲಿಲ್ಲ. ಇವರು ಲೆಕ್ಕಕ್ಕೆ ಬರದಿದ್ದರಿಂದ ಇವರ ಪಾಲಿನ ಬೀಜವೂ ಕಾರ್ಖಾನೆಗೆ ಸಿಗುವುದಿಲ್ಲ.

"ಅದನ್ನು ಬರೆದದ್ದು ನಾನೇ" ಎಂದೆ.

ಗಿರಿಜಕ್ಕನ ನಗು ನಿಂತಿತು. ಸಿಸಿಲಿಯಾ ನನ್ನನ್ನು ದಿಟ್ಟಿಸಿ, ಖಾಲಿಯಾಗಿದ್ದ ಲೋಟಕ್ಕೆ ಮತ್ತೆ ನೀರು ಹಾಕಿದಳು. "ಹಾಗಾದ್ರೆ ತಿದ್ಲಿಕ್ಕೂ ನಿಮಗೇ ಗೊತ್ತುಂಟು, ಅಲ್ವಾ?"

ಗೊತ್ತಿತ್ತು. ಆದರೆ ನಿಯಮ ಬದಲಾಗುವುದು ವರ್ಷಕ್ಕೊಮ್ಮೆ, ಜುಲೈಯಲ್ಲಿ. ಅಲ್ಲಿಯವರೆಗೆ ದೆಹಲಿಯಲ್ಲಿ ಕಡತದ ಹಿಂದೆ ಯಾರಾದರೂ ಓಡಾಡುತ್ತಿರಬೇಕು.

ಮೂರನೆಯ ದಿನ ಪ್ರಾಂಶುಪಾಲರಲ್ಲಿ ಎರಡು ತಿಂಗಳ ಸಮಯ ಕೇಳಿದೆ.

"ತರಗತಿ ಕಾಯುವುದಿಲ್ಲವಲ್ಲ ಮೇಡಮ್. ಇಲ್ಲೇ ಬನ್ನಂಜೆಯಲ್ಲಿರುವ ವಕೀಲರೊಬ್ಬರು ನಾಳೆ ಕರೆದರೂ ಬರ್ತಾರೆ."

"ಅವರನ್ನೇ ಕರೆಯಿರಿ" ಎಂದೆ. ಗೆಳತಿಯ ಕೋಣೆಯಿಂದ ಚೀಲ ತಂದು, ದೆಹಲಿಯ ಕೆಲಸಕ್ಕೇ ಮರಳಲು ಹೊರಟೆ.

ಮಂಗಳೂರಿನ ಬಸ್ಸು ಕಾಪುವಿನಲ್ಲಿ ಹತ್ತು ನಿಮಿಷ ನಿಂತಿತು. ತೆಂಗಿನ ಮರಗಳ ನಡುವೆ ಕಡಲ ದಡದ ದೀಪಸ್ತಂಭದ ತುದಿ ಕಾಣುತ್ತಿತ್ತು. ಇಳಿದು ನೋಡುವ ಮನಸ್ಸಾಗಲಿಲ್ಲ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಮನೆಯಲ್ಲಿ ಸುಲಿಯುವವರನ್ನೂ ಎಣಿಸತಕ್ಕದ್ದು ಎಂದು ಬರೆದೆ. ಬಸ್ಸು ಹೊರಟಿತು.